ನೀರು ಸೋಸದ ಬಟ್ಟೆ

ನೀರು ಸೋಸಲೆಂದು ನಾನು ಹಂಚಿದ ಬಟ್ಟೆಗೆ ನೀರು ಸೋಸುವ ಯೋಗ್ಯತೆ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪನ್ನು ಗಂಗವ್ವನ ಮೇಲೆ ಹೊರಿಸಿದೆ — ನನ್ನದೇ ಅಂಗಡಿಯಲ್ಲಿ, ಅವಳ ಊರಿನ ಹೆಂಗಸರ ಎದುರಿಗೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನವಲಗುಂದದ ಪೇಟೆಯಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ. ದೊಡ್ಡ ಅಂಗಡಿಗಳ ನಡುವೆ ಅದರ ಕಡೆ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಆಗ ಹಳ್ಳಿಗಳಲ್ಲಿ ನಾರುಹುಣ್ಣಿನ ಕಾಟ. ಕೆರೆಯ ನೀರನ್ನು ಸೋಸದೆ ಕುಡಿದವರ ಕಾಲಿನಿಂದ ವರ್ಷದ ಮೇಲೆ ದಾರದಂಥ ಹುಳು ಹೊರಬರುತ್ತಿತ್ತು. ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ದವಾಖಾನೆಯವರು ಸಾರುತ್ತಿದ್ದರು. ಸೀರೆ ಕೊಂಡವರಿಗೆ ಸೋಸುವ ಬಟ್ಟೆ ಪುಕ್ಕಟೆ ಎಂದು ನಾನು ಬೋರ್ಡು ಬರೆಸಿದೆ. ಬಟ್ಟೆಯ ಮೂಲೆಗೆ ಅಂಗಡಿಯ ಹೆಸರಿನ ಮುದ್ರೆ. ಆಗ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ — ಹಾಗೆಂದು ನಂಬಲು ಇಷ್ಟಪಡುತ್ತೇನೆ.

ಗಂಗವ್ವ ಹತ್ತಿರದ ಹಳ್ಳಿಯವಳು, ಕಳೆ ತೆಗೆಯುವ ಹೆಣ್ಣಾಳುಗಳ ಮುಂದಾಳು. ಅಣ್ಣ ಆ ಹುಳುವಿನಿಂದ ನರಳಿದ್ದನ್ನು ಕಂಡವಳು. ನನ್ನ ಬಟ್ಟೆ ಹಿಡಿದು ಮನೆಮನೆ ತಿರುಗಿ, “ಇದರಾಗ ಸೋಸಿ ಕುಡೀರಬೇ!” ಎಂದು ಗದರಿಸುತ್ತಿದ್ದಳು. ಅವಳ ಮಾತಿಗೆ ಹೆಂಗಸರು ದೊಡ್ಡ ಅಂಗಡಿಗಳನ್ನು ದಾಟಿ ನನ್ನಲ್ಲಿಗೆ ಬಂದರು. ಮದುವೆ ಜವಳಿಗೂ ನನ್ನಲ್ಲಿಗೇ. ಬೀದಿಯಲ್ಲಿ ಜನ ಕೈಮುಗಿಯತೊಡಗಿದರು.

ಬಟ್ಟೆ ಸಾಲದಾಯಿತು. ಹುಬ್ಬಳ್ಳಿಯಿಂದ ಅಗ್ಗದ ತೆಳುಬಟ್ಟೆ ತರಿಸಿದೆ. ಬೆಳಕಿಗೆ ಹಿಡಿದರೆ ಎದುರಂಗಡಿಯವನ ಮುಖ ಅದರೊಳಗಿಂದ ಕಾಣುತ್ತಿತ್ತು. ಆದರೂ ಮುದ್ರೆ ಒತ್ತಿ ಹಂಚಿದೆ; ಗಂಗವ್ವನ ಕೈ ಸೇರಿದ್ದೂ ಅದೇ.

ಮರುವರ್ಷ ಗಂಗವ್ವ ಇನ್ನೊಬ್ಬಳ ಹೆಗಲು ಹಿಡಿದು ಕುಂಟುತ್ತ ಬಂದಳು. ಮೊಣಕಾಲು ಬಾತಿತ್ತು. ಸಿಟ್ಟು ಮಾಡಲಿಲ್ಲ.

“ಸಾವಕಾರ್ರ, ನಿಮ್ಮ ಅರಿವ್ಯಾಗ ಸೋಸೇ ಕುಡದೇನ್ರಿ. ಆದ್ರೂ ಹುಳ ಬಂತಲ್ರಿ. ಅರಿವಿ ಒಮ್ಮೆ ನೋಡ್ರಿ.”

ಅಂಗಡಿ ತುಂಬ ಗಿರಾಕಿಗಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಅರಿವಿ ಅಗದಿ ಚಲೋ ಐತಿ,” ಎಂದೆ. “ನೀನ ಮೈಗಳ್ಳತನಾ ಮಾಡಿ ಸೋಸದ ಕುಡದಿರಬೇಕು.”

ಅವಳು ತಲೆ ತಗ್ಗಿಸಿದಳು. “ಹೊಲದಾಗ ಒಮ್ಮೊಮ್ಮೆ ಮರತಿದ್ರೂ ಮರತಿರಬೇಕ್ರಿ… ತಪ್ಪಾತ್ರಿ.”

ತಪ್ಪಾಯಿತು ಎಂದಳು — ನನಗೆ!

ಊರಿಗೆಲ್ಲ ಬುದ್ಧಿ ಹೇಳಿದಾಕಿ ತಾನೇ ಸೋಸಲಿಲ್ಲ ಎಂದು ಹೆಂಗಸರು ಆಡಿಕೊಂಡರು. ಗಂಗವ್ವನ ಮೊಣಕಾಲು ಮಡಚಿದಂತೆಯೇ ಸೆಟೆದು ನಿಂತಿತು. ಅವಳು ಮತ್ತೆ ಹೊಲಕ್ಕೆ ಹೋಗಲಿಲ್ಲ. ನಾನು ಸದ್ದಿಲ್ಲದೆ ದಟ್ಟ ಬಟ್ಟೆ ತರಿಸಿ ಕೊಡತೊಡಗಿದೆ. ಮೊದಲು ಹಂಚಿದ್ದನ್ನು ಮಾತ್ರ ಮರಳಿ ಕೇಳಲಿಲ್ಲ — ಕೇಳಿದರೆ ಕಾರಣ ಹೇಳಬೇಕಿತ್ತು. ಅಂಗಡಿ ಬೆಳೆಯಿತು. ಸಣ್ಣ ವ್ಯಾಪಾರಿಗೆ ಜನರ ನಂಬಿಕೆಯೇ ಬಂಡವಾಳ ಎಂದು ಮಕ್ಕಳಿಗೆ ಹೇಳುತ್ತ ಬಂದೆ. ಆ ಮಾತು ಸುಳ್ಳಲ್ಲ. ಹೇಳಿದ ಬಾಯಿ ಮಾತ್ರ —

ಕಳೆದ ತಿಂಗಳು ಅವಳ ಮನೆಗೆ ಹೋಗಿ, ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದೆ. ಬೈದಾಳು, ಅತ್ತಾಳು ಎಂದುಕೊಂಡಿದ್ದೆ.

“ಅವತ್ತ ಹೇಳಿದ್ರ ಉಳದ ಹೆಂಗಸರಾದ್ರೂ ಅರಿವಿ ಬದಲಿಸ್ತಿದ್ರಲ್ರಿ,” ಎಂದಳು.

ಇಷ್ಟು ವರ್ಷ ಒಬ್ಬಳಿಗೆ ಅನ್ಯಾಯ ಮಾಡಿದೆನೆಂದು ಕೊರಗಿದ್ದೆ. ಆಮೇಲೆ ಆ ಊರಿನಲ್ಲಿ ಇನ್ನೂ ಯಾರ್ಯಾರಿಗೆ ಹುಳು ಬಂತು ಎಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ.