ತೂಗುದೋಣಿಯಲ್ಲಿ ಬರೆದ ಇತಿಹಾಸ

ಜಾತ್ರೆಗಳಿಗೆ ಜೈಂಟ್ ವೀಲು, ದೋಣಿಯಂತೆ ಅತ್ತಿತ್ತ ತೂಗುವ ತೂಗುದೋಣಿ ತಯಾರಿಸುವ ಮನೆತನವೊಂದರ ಇತಿಹಾಸ ಬರೆದುಕೊಡಲು ನಜರ್‌ಬಾದಿನ ಅವರ ಶೆಡ್ಡಿಗೆ ಹೋಗಿದ್ದೆ. "ಮೊದಲನೇ ತೂಗುದೋಣಿ ಮಾಡಿದ್ದು ಯಾರು?" ಅಂತ ಕೇಳಿದ್ದೇ ತಪ್ಪಾಯಿತು. ತಲೆ ನರೆತ ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೆ "ನಾನು" ಅಂದರು.

ಅವರೆಕಾಯಿ ಸುಲಿಯುತ್ತಿದ್ದ ಅವರ ತಾಯಿ ಎದ್ದು, ಶೆಡ್ಡಿನಲ್ಲಿದ್ದ ತೂಗುದೋಣಿ ತೋರಿಸಿ, "ಹತ್ತ್ರಪ್ಪಾ ಇಬ್ರೂ" ಅಂದರು. ಜಗಳವಾದರೆ ದೋಣಿಯ ಈ ತುದಿಗೊಬ್ಬ, ಆ ತುದಿಗೊಬ್ಬ ಕೂರಬೇಕು. ಮೇಲೆ ಹೋದವನು ಮಾತ್ರ ಮಾತಾಡಬೇಕು. ರಾಜಿಯಾಗುವವರೆಗೆ ದೋಣಿ ನಿಲ್ಲುವುದಿಲ್ಲ. ಇದು ಆ ಮನೆಯ ಪದ್ಧತಿಯಂತೆ.

"ನೀವೂ ಹತ್ತಿ ಸಾರ್, ಬರ್ಕೊಳೋರು ನೀವಲ್ವಾ" ಅಂತ ನನ್ನನ್ನು ನಡುವೆ ಕೂರಿಸಿ ಸ್ವಿಚ್ ಒತ್ತಿದರು.

ಅಣ್ಣ ಮೇಲೇರಿದರು. "ಡಿಸೈನೆಲ್ಲ ನಂದು ಕಣ್ರೀ. ಇವ್ನು ಬಣ್ಣ ಬಳ್ದ ಅಷ್ಟೇ."

ತಮ್ಮ ಮೇಲೇರಿದರು. "ಬಣ್ಣ ಇಲ್ದೇ ಇದ್ದಿದ್ರೆ ಆ ಕಬ್ಬಿಣದಲ್ಲಿ ಯಾರು ಕೂರ್ತಿದ್ರು, ಬರ್ಕೊಳ್ಳಿ."

ಬರೆದುಕೊಳ್ಳುವುದೆಲ್ಲಿ ಬಂತು? ಪೆನ್ನು ಬಿಟ್ಟು ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಿದ್ದೆ. ಅವರಿಬ್ಬರು ಮಾತ್ರ ಸೋಫಾದಲ್ಲಿ ಕೂತವರಂತೆ ಆರಾಮಾಗಿದ್ದರು.

"ಅಮ್ಮಾ, ನಿಲ್ಸಿ" ಅಂದೆ.

"ಒಪ್ಕೊಂಡ್ರಾ ಇಬ್ರೂ?"

"ಇಲ್ಲಮ್ಮಾ. ಮಾಡಿದ್ದು ನೀವೇ ಅಂತ ಬರೀತೀನಿ, ನಿಲ್ಸ್‌ಬುಡಿ."

ದೋಣಿ ತಕ್ಷಣ ನಿಧಾನವಾಯಿತು. ಅಣ್ಣತಮ್ಮಂದಿರು ಇಳಿದು ಕೆಲಸಕ್ಕೆ ಹೊರಟರು. ತಾಯಿ ಮತ್ತೆ ಅವರೆಕಾಯಿ ಮುಂದೆ ಕೂತು, "ನಿಜ ಹೇಳೋಕೆ ಇಷ್ಟೊತ್ತು ಬೇಕಾಯ್ತಾ ಸಾರ್?" ಅಂದರು.

ಪುಸ್ತಕದಲ್ಲಿ ಹಾಗೇ ಅಚ್ಚಾಗಿದೆ. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ವಿಚಾರಿಸೋಣವೆಂದರೆ ಮತ್ತೆ ದೋಣಿ ಹತ್ತಬೇಕು.