ಮಾಲಗದಲ್ಲಿ ನಾನು ಓದದೆ ಬಿಟ್ಟ ಬೋರ್ಡುಗಳು

ಅಕ್ಕ ಭಾನುವಾರ ಮಾತಾಡುವವಳಿದ್ದಳು. ಶನಿವಾರವೇ ಅವಳನ್ನು ಸ್ಯಾನ್ ಮಟಿಯೋದ ಮಗಳ ಮನೆಯಿಂದ ಮಿಲ್ಪಿಟಾಸಿನ ನನ್ನ ಅಪಾರ್ಟ್‌ಮೆಂಟಿಗೆ ಕರೆತಂದಿದ್ದೆ. ಅವಳು ಬಂದ ಗಳಿಗೆಯಿಂದ ನನಗೆ ಒಂದು ಕಡೆ ಕೂರಲಾಗಲಿಲ್ಲ. ಒರೆಸಿದ ಅಡಿಗೆಕಟ್ಟೆಯನ್ನೇ ಮತ್ತೆ ಒರೆಸಿದೆ. ಫ್ರಿಜ್ಜು ತೆಗೆದು, ಏನು ಬೇಕಿತ್ತೆಂದು ನೆನಪಾಗದೆ ಮುಚ್ಚಿದೆ.

ಅಮೆರಿಕದ ಈ ಭಾಗದಲ್ಲಿರುವ ನಮ್ಮ ಉಡುಪಿ, ಮಂಗಳೂರು ಕಡೆಯವರು ತಿಂಗಳಿಗೊಮ್ಮೆ ಸೇರುತ್ತೇವೆ. ಊರು ಸುತ್ತಿ ಬಂದವರು ಕಂಡದ್ದನ್ನು ಹೇಳಬೇಕು, ಉಳಿದವರು ತಿಂಡಿ ತರಬೇಕು. ಫೋಟೋ ತೋರಿಸುವಂತಿಲ್ಲ. ಹಿಂದೊಮ್ಮೆ ಒಬ್ಬರು ಕಾಶಿಯಾತ್ರೆಯ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತಾ ಅರ್ಧ ಸಭೆಯನ್ನು ಮಲಗಿಸಿದ್ದರು. ಅಂದಿನಿಂದ ಎಲ್ಲವನ್ನೂ ಬಾಯಲ್ಲೇ ಹೇಳಬೇಕೆಂದಾಯಿತು. ಈ ಸಲ ಅಕ್ಕನ ಸರದಿ. ಅವಳು ಹೇಳಬೇಕಾದದ್ದು ಸ್ಪೇನಿನ ಕಡಲತೀರದ ಮಾಲಗ ಊರಿನ ಬಗ್ಗೆ.

ನನ್ನ ಸೊಸೆಗೆ, ಅಂದರೆ ಅಕ್ಕನ ಮಗಳಿಗೆ, ಮಾರ್ಚಿನಲ್ಲಿ ಆಫೀಸಿನ ಕೆಲಸದ ಮೇಲೆ ಅಲ್ಲಿಗೆ ಹೋಗಬೇಕಾಗಿತ್ತು. ಅಮ್ಮನನ್ನೂ ಜೊತೆಗೆ ನನ್ನನ್ನೂ ಕರೆದುಕೊಂಡು ಹೋದಳು. ಅಕ್ಕನ ನೋಟದ ನಡುಭಾಗ ಮಸುಕಾಗಿದೆ. ಬದಿಯಿಂದ ಬೆಳಕು, ಗೋಡೆ, ಮರ ತಿಳಿಯುತ್ತವೆ. ಮುಖ ಮತ್ತು ಅಕ್ಷರ ತಿಳಿಯುವುದಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು ಅವಳು. ಇದ್ದ ಅಷ್ಟಿಷ್ಟು ದೃಷ್ಟಿ ಹೋಗುವ ಮೊದಲು ಪಠ್ಯಪುಸ್ತಕದಲ್ಲಿ ಕಂಡದ್ದೊಂದನ್ನಾದರೂ ಕಲ್ಲಿನಲ್ಲಿ ನೋಡಬೇಕೆಂಬುದು ಅವಳ ಆಸೆ.

“ಮಾವ, ನಂಗೆ ಫುಲ್ ಡೇ ಮೀಟಿಂಗು. ಅಮ್ಮಂಗೆ ಬೋರ್ಡೆಲ್ಲ ನೀವೇ ಓದಿ ಹೇಳ್ಬೇಕು, ಆಯ್ತಾ?” ಎಂದಳು ಸೊಸೆ.

“ಅದೆಂತ ದೊಡ್ಡ ಕೆಲಸ!” ಎಂದೆ.

ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿಯ ಹೋಟೆಲಿಗೆ ಸೇರಿದವನು ನಾನು. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷು ಅಡಿಗೆಮನೆಗಳಲ್ಲಿ ಕಿವಿಯಿಂದ ಬಂದದ್ದು. ಫ್ರೀವೇಯ ಹೆಸರುಗಳನ್ನು, ಗ್ರೋಸರಿಯ ಡಬ್ಬಿಗಳನ್ನು ನೋಡಿ ಗುರುತಿಸುತ್ತೇನೆ. ಹತ್ತು ಸಾಲಿನ ಬರಹವಾದರೆ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಇದನ್ನು ಈ ದೇಶದಲ್ಲಿ ಯಾರಿಗೂ ಹೇಳಿರಲಿಲ್ಲ.

ಮೊದಲು ಸಿಕ್ಕಿದ್ದು ಕೋಟೆಯ ಬುಡದ ರೋಮನ್ ರಂಗಮಂದಿರ. ಅರ್ಧ ವೃತ್ತದ ಕಲ್ಲಿನ ಮೆಟ್ಟಿಲುಗಳು, ಮುಂದೊಂದು ಬೋರ್ಡು, ಅಲ್ಲಿನ ಭಾಷೆಯ ಕೆಳಗೆ ಇಂಗ್ಲಿಷಿನಲ್ಲಿ ಹತ್ತಾರು ಸಾಲು. “ಎಂತ ಬರ್ದಿದ್ದಾರೆ, ಓದು” ಎಂದಳು ಅಕ್ಕ. ರೋಮನ್ ಎಂಬ ಒಂದು ಶಬ್ದ ಹಿಡಿದುಕೊಂಡು, “ಇಲ್ಲಿ ಗಂಡಸರೇ ಹೆಣ್ಣುವೇಷ ಹಾಕಿ ಬೆಳಗಿನವರೆಗೆ ಆಡ್ತಿದ್ರಂತೆ” ಎಂದೆ. ಅವಳು ನನ್ನ ತೋಳನ್ನು ಒತ್ತಿ ಹಿಡಿದಳು. “ನಮ್ಮ ಬಯಲಾಟದ ಹಾಗೇ! ನೋಡಿದಿಯಾ, ಎಲ್ಲಿಯ ರೋಮು, ಎಲ್ಲಿಯ ನಾವು!”

ಆ ಸಂತೋಷ ನೋಡಿದ ಮೇಲೆ ನಿಲ್ಲಿಸುವುದು ಕಷ್ಟವಾಯಿತು. ಅರಬರ ಕೋಟೆಯೊಳಗೆ, ಕಿತ್ತಳೆ ಮರಗಳ ಅಂಗಳದಲ್ಲಿ ಸಣ್ಣ ಕಾಲುವೆ ಹರಿಯುತ್ತಿತ್ತು. ನೀರಿನ ಸದ್ದು ಕೇಳದೆ ನಿದ್ದೆ ಹೋಗದ ರಾಣಿಯೊಬ್ಬಳನ್ನು ಅಲ್ಲಿ ಕೂರಿಸಿದೆ. ದೊಡ್ಡ ಇಗರ್ಜಿಗೆ, ಅಂದರೆ ಅಲ್ಲಿನ ಹಳೆಯ ಚರ್ಚಿಗೆ, ಎರಡು ಗೋಪುರ ಇರಬೇಕಿತ್ತು. ಒಂದು ಪೂರ್ತಿಯಾಗಿದೆ, ಇನ್ನೊಂದು ಅರ್ಧಕ್ಕೆ ನಿಂತಿದೆ. ಅಣ್ಣ ತಮ್ಮ ಒಂದೊಂದನ್ನು ಕಟ್ಟಲು ಹಿಡಿದರು, ತಮ್ಮ ನಡುವೆ ಬಿಟ್ಟು ಓಡಿಹೋದ, ಅಣ್ಣ ಅದನ್ನು ಬೇರೆಯವರಿಗೆ ಮುಟ್ಟಗೊಡಲಿಲ್ಲ ಎಂದು ಹೇಳಿದೆ. ಅಕ್ಕ ಬಹಳ ಹೊತ್ತು ಕತ್ತೆತ್ತಿ, ಓರೆಯಾಗಿ ನೋಡುತ್ತಾ ನಿಂತಳು. ಪ್ರತಿ ಬೋರ್ಡಿನ ಮುಂದೆ ನನಗೆ ಬೆವರುತ್ತಿತ್ತು. “ನಡಿ ಅಕ್ಕ, ತಡ ಆಯ್ತು” ಎಂದು ಎಳೆದುಕೊಂಡು ಹೋಗುತ್ತಿದ್ದೆ. ತಡವಾಗಲು ನಮಗೆ ಬೇರೆ ಕೆಲಸವೇನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಸಭೆಗೆಂದು ಗೋಳಿಬಜೆಯ ಹಿಟ್ಟು ಕಲಸಿ ಎಣ್ಣೆ ಇಟ್ಟಿದ್ದೆ. ಅಕ್ಕ ಕುರ್ಚಿಯಲ್ಲಿ ಕೂತು ಮಾತನ್ನು ಒಪ್ಪಿಸಿ ನೋಡುತ್ತಿದ್ದಳು. ಬಯಲಾಟ ಬಂತು, ರಾಣಿ ಬಂದಳು. ಗೋಪುರದ ಹತ್ತಿರ ನಿಲ್ಲಿಸಿ ಕೇಳಿದಳು: “ಆ ತಮ್ಮನ ಹೆಸರು ಎಂತ ಬರ್ದಿತ್ತು? ಹೆಸರು ಹೇಳದಿದ್ರೆ ಅಜ್ಜಿಕತೆ ಹಾಗೆ ಆಗ್ತದೆ.”

ಒಂದು ಹೆಸರು ಹುಟ್ಟಿಸುವುದು ನನಗೆ ಕಷ್ಟವಾಗಿರಲಿಲ್ಲ. ನಾಲಿಗೆಯ ತುದಿಗೂ ಬಂದಿತ್ತು.

“ಹೆಸರು ಇರ್ಲಿಲ್ಲ ಅಕ್ಕ. ತಮ್ಮನೂ ಇರ್ಲಿಲ್ಲ.”

ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ.

“ಮತ್ತೆ ಆ ಆಟ?”

“ಅದೂ ನಾನೇ ಹೇಳಿದ್ದು.”

“ರಾಣಿ?”

ಎಣ್ಣೆ ಹೊಗೆಯಾಡುತ್ತಿತ್ತು, ಒಲೆ ಆರಿಸಿದೆ.

“ಇಷ್ಟು ವರ್ಷ ಅಮೆರಿಕದಲ್ಲಿ ಇದ್ದಾನೆ, ಕಲ್ತಿರ್ಬೇಕು ಅಂತ ಗ್ರಹಿಸಿದೆ ನಾನು. ಬರೂದಿಲ್ಲ ಅಂದಿದ್ರೆ ಎಂತ ಆಗ್ತಿತ್ತು? ಒಬ್ಬ ಗೈಡನ್ನು ಮಾಡ್ಕೊಳ್ತಿದ್ದೆವು.”

“ನಾಚಿಕೆ ಆಯ್ತು.”

“ನನ್ನ ಹತ್ರ? ನಿನ್ನ ಮೂಗು ಒರೆಸಿದವಳ ಹತ್ರ ಎಂತ ನಾಚಿಕೆ ಮಾರಾಯ?” ಎಂದಳು. ಆಮೇಲೆ, “ಇನ್ನು ಹೋಗ್ಲಿಕ್ಕೆ ಆಗೂದಿಲ್ಲ ನಂಗೆ. ಹೋದ್ರೂ ಎಂತ ಕಾಣ್ತದೆ?” ಎಂದಳು. ಸಿಟ್ಟಿನ ಧ್ವನಿಯಾಗಿರಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

ಸಭೆಯಲ್ಲಿ ಮುಕ್ಕಾಲು ಗಂಟೆ ಮಾತಾಡಬೇಕಿದ್ದವಳು ಹತ್ತು ನಿಮಿಷ ಮಾತಾಡಿದಳು. ಮೆಟ್ಟಿಲಿನ ಕಲ್ಲು ನಡುವೆ ಸವೆದು ಪಾದ ಕೂರುವಷ್ಟು ಹಳ್ಳವಾಗಿದ್ದದ್ದು, ಕಾಲುವೆಯಲ್ಲಿ ಕೈ ಅದ್ದಿದಾಗಿನ ಚಳಿ, ಕಿತ್ತಳೆ ಹೂವಿನ ಪರಿಮಳ, ಕೋಟೆ ಹತ್ತುವಾಗ ಮೂರು ಸಲ ಕೂತದ್ದು. “ಬೋರ್ಡಿನಲ್ಲಿ ಎಂತ ಬರ್ದಿತ್ತು ಅಂತ ನಂಗೆ ಗೊತ್ತಿಲ್ಲ. ಗೊತ್ತಿಲ್ಲದ್ದು ಹೇಳೂದಿಲ್ಲ” ಎಂದು ಮುಗಿಸಿದಳು.

ಹಿಂದಿನ ಸಾಲಿನ ಹಿರಿಯರೊಬ್ಬರು ಬಿಡಲಿಲ್ಲ. “ಟೀಚರೇ, ತಮ್ಮನನ್ನು ಕರ್ಕೊಂಡು ಹೋದದ್ದಲ್ವಾ? ಅವ ಎಂತ ಮಾಡ್ತಿದ್ದ? ಅಲ್ಲಿಯೂ ಬಜೆ ಕಾಯಿಸ್ತಿದ್ದನಾ?”

ಎಲ್ಲರೂ ನಕ್ಕು ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಚಟ್ನಿಯ ಪಾತ್ರೆ ಇತ್ತು.

“ಅವ ನನ್ನ ಕೈ ಹಿಡ್ಕೊಂಡಿದ್ದ. ನಾನು ಎಲ್ಲಿಯೂ ಬೀಳ್ಲಿಲ್ಲ” ಎಂದಳು ಅಕ್ಕ. ಅಷ್ಟೇ ಹೇಳಿ ಕೂತಳು.

ನಿಜ ನಾನೇ ಹೇಳಬಹುದಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಸಂದರ್ಭವೂ ಇತ್ತು. ನಾನು ಚಟ್ನಿ ಬಡಿಸಿದೆ.

ಸಂಜೆ ಅವಳನ್ನು ಸ್ಯಾನ್ ಮಟಿಯೋಗೆ ಬಿಡಲು ಹೊರಟೆ. ದಾರಿಯುದ್ದಕ್ಕೂ ಎದುರಿಗೆ ಬಂದದ್ದನ್ನೆಲ್ಲ ಅವಳಿಗೆ ಹೇಳುತ್ತಾ ಓಡಿಸುವುದು ನನ್ನ ರೂಢಿ. ಅಂದು ಮಾತು ಹೊರಡಲಿಲ್ಲ. ಬಹಳ ದೂರ ಬಂದ ಮೇಲೆ ಅವಳೇ ಕೇಳಿದಳು: “ಎಲ್ಲಿಗೆ ಬಂತು?”

“ಸೇತುವೆ ಮೇಲೆ ಇದ್ದೇವೆ ಅಕ್ಕ. ಕೆಳಗೆ ಕಡಲಿನ ನೀರು ಇಳಿದಿದೆ. ಕೆಸರಿನ ಮೇಲೆ ಬಿಳಿ ಹಕ್ಕಿಗಳು ಕೂತಿವೆ.”

ಅವಳು ಬಾಗಿಲನ್ನು ತಡವಿ ಗುಂಡಿ ಹುಡುಕಿ, ಕಾರಿನ ಗಾಜು ಇಳಿಸಿದಳು. ಉಪ್ಪು ಗಾಳಿ ಕೆಸರಿನ ವಾಸನೆಯೊಂದಿಗೆ ಒಳಗೆ ನುಗ್ಗಿತು. ಮುಖವನ್ನು ಅದಕ್ಕೆ ಒಡ್ಡಿ, ಮೂಗಿನಿಂದ ಎರಡು ಸಲ ಉಸಿರು ಎಳೆದುಕೊಂಡಳು.

“ಹೌದು, ನೀರು ಉಂಟು” ಎಂದು ಗಾಜು ಏರಿಸಿದಳು.