ನಮ್ಮ ಪಡಸಾಲೆಯ ಮತದಾನ

ಮೊನ್ನೆ ಬೆಳಿಗ್ಗೆ ಎಣ್ಣೆಗೆ ಸಾಸಿವೆ ಹಾಕಿ ಸಿಡಿಯಲೆಂದು ಕಾಯುತ್ತ ನಿಂತಿದ್ದಾಗ ಫೋನು ಟಿಣ್ ಎಂದಿತು. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಅಣ್ಣ ಒಂದು ಪೋಲ್ ಹಾಕಿದ್ದ. ನಿಮ್ಮ ಗುಂಪುಗಳಲ್ಲೂ ಹಾಕುತ್ತಾರಲ್ಲ, ಮದುವೆಗೆ ಯಾವ ಸಿಹಿ, ಪ್ರವಾಸಕ್ಕೆ ಯಾವ ಊರು ಎಂದು, ಹಾಗೆಯೇ. ಪ್ರಶ್ನೆ ಮಾತ್ರ ಬೇರೆಯಿತ್ತು: ‘ಕಾಕಾ ಇನ್ನ ಮ್ಯಾಲೆ ಎಲ್ಲಿ ಇರಬೇಕು?’ ಅದರ ಕೆಳಗೆ ಇಳಕಲ್, ಹುನಗುಂದ, ಬಾದಾಮಿ ಎಂದು ಮೂರು ಸಾಲು. ಇಳಕಲ್ಲೆಂದರೆ ಅಣ್ಣನ ಮನೆ, ಹುನಗುಂದ ತಂಗಿಯದು, ಬಾದಾಮಿ ನನ್ನದು. ಓದುವಷ್ಟರಲ್ಲಿ ಸಾಸಿವೆ ಕಪ್ಪಾಯಿತು.

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದವರು. ಮದುವೆಯಾಗಲಿಲ್ಲ. ನಿವೃತ್ತರಾದ ಮೇಲೂ ಅಲ್ಲೇ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದರು. ಈಚೆಗೆ ಮೆಟ್ಟಿಲ ಮೇಲೆ ಜಾರಿ ಸೊಂಟದ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು, ಇನ್ನು ಮೆಟ್ಟಿಲು ಹತ್ತಕೂಡದೆಂದು ಡಾಕ್ಟರು ಹೇಳಿದರು. ಅಂದಿನಿಂದ ಮೂರೂ ಮನೆಗಳು ಅವರಿಗಾಗಿ ಹಗ್ಗಜಗ್ಗಾಟಕ್ಕೆ ನಿಂತಿವೆ. ನಮ್ಮನ್ನು ದೊಡ್ಡ ಮನಸ್ಸಿನವರೆಂದು ತಿಳಿದೀರಿ, ಬೇಡ. ಅಣ್ಣನ ಮಕ್ಕಳಿಗೆ ಗಣಿತ ತಲೆಗೆ ಹತ್ತುತ್ತಿಲ್ಲ. ತಂಗಿಗೆ ಮನೆಯಲ್ಲಿ ಹಿರಿಯರೊಬ್ಬರಿದ್ದರೆ ಗಂಡನ ಬಾಯಿ ಸ್ವಲ್ಪ ಹಿಡಿತದಲ್ಲಿರುತ್ತದೆ. ಇನ್ನು ನನ್ನದು: ಉಳಿದ ಬಂಧುಗಳ ಬಗ್ಗೆ ತರ್ಕಬದ್ಧವಾಗಿ ಚಾಡಿ ಹೇಳಲು ನನಗೆ ಅವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಪೋಲಿನ ಕೆಳಗೆ ಅಣ್ಣ ಬರೆದಿದ್ದ: ‘ಕಾಕಾ ಜನ್ಮ ಪೂರ್ತಿ ಇದನ್ನ ಓದ್ಯಾರ. ಅವರ ಲೆಕ್ಕದ ಪ್ರಕಾರನ ಮಾಡೂಣು.’ ಅದನ್ನು ಓದಿ ನಗು ಬಂತು. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸುತ್ತಿ ಬರಬೇಕಾಗುತ್ತದೆ.

ಕಾಕಾನ ಸಂಶೋಧನೆ ನ್ಯಾಯವಾಗಿ ಹಂಚುವುದರ ಬಗ್ಗೆ. ಒಂದು ವಸ್ತು, ಹಲವು ಜನ, ಯಾರಿಗೂ ಪಕ್ಕದವನ ಪಾಲು ನೋಡಿ ಹೊಟ್ಟೆ ಉರಿಯಬಾರದು, ಹಾಗೆ ಹಂಚುವುದು ಹೇಗೆ? ನಾವು ಚಿಕ್ಕವರಿದ್ದಾಗ ಇಳಕಲ್ಲಿಗೆ ಬರುವಾಗ ದಾರಿಯ ಅಮೀನಗಡದಲ್ಲಿ ಇಳಿದು ಕರದಂಟು ತರುತ್ತಿದ್ದರು. ಅಣ್ಣನ ಕೈಗೆ ಚಾಕು ಕೊಟ್ಟು ‘ನೀ ಕೊಯ್ಯಿ, ಆಕಿ ಆರಿಸ್ಲಿ’ ಎನ್ನುತ್ತಿದ್ದರು. ಕೊಯ್ದವನಿಗೆ ಉಳಿದ ತುಂಡು. ಅಣ್ಣ ಉಸಿರು ಬಿಗಿಹಿಡಿದು ನಟ್ಟನಡುವೆ ಕೊಯ್ಯುತ್ತಿದ್ದ, ಗೋಡಂಬಿಗಳನ್ನೂ ಎಣಿಸುತ್ತಿದ್ದ. ಇಬ್ಬರಿಗಾದರೆ ಇಷ್ಟೇ ಸಾಕು, ಮೂರನೆಯವನು ಬಂದರೆ ದೊಡ್ಡ ದೊಡ್ಡ ಪಂಡಿತರೂ ತಲೆ ಕೆರೆದುಕೊಳ್ಳುತ್ತಾರೆ ಎಂದು ಕಾಕಾ ಕಣ್ಣರಳಿಸಿ ಹೇಳುತ್ತಿದ್ದರು. ‘ಕರದಂಟ ಕೊಯ್ಯಾಕ ಪಿಎಚ್‌ಡಿ ಬೇಕಾತೇನಲೇ?’ ಎಂದು ಅಪ್ಪ ಮಗ್ಗದಿಂದಲೇ ಕೂಗುತ್ತಿದ್ದ.

ಗಣ ಸಿದ್ಧಾಂತದ ಹುಚ್ಚೂ ಇತ್ತು. ಏನೂ ಇಲ್ಲದ ಗಣವೂ ಒಂದು ಗಣವೇ ಎಂದು ನನಗೆ ತಿಳಿಸಲು ಅವರು ತಮ್ಮ ಅಂಗಿಯ ಕಿಸೆ ಹೊರಗೆಳೆದು ತೋರಿಸಿದ್ದರು. ಎಣಿಸುವುದು ಆಮೇಲಿನ ಮಾತು, ಒಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ ಎಂಬುದೇ ಮೊದಲ ಪ್ರಶ್ನೆ ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ನನ್ನ ಕಣ್ಣು ಕರದಂಟಿನ ಪೊಟ್ಟಣದ ಮೇಲಿರುತ್ತಿತ್ತು.

ನಾನು ಪಿಯುಸಿ ಪಾಸಾದಾಗ ಮನೆಯಲ್ಲಿ ಜಗಳ ಎದ್ದಿತು. ಹುಡುಗಿಯನ್ನು ಮುಂದೇನು ಮಾಡುವುದು? ಮುತ್ಯಾ, ಅಂದರೆ ನನ್ನ ಅಜ್ಜ, ಮದುವೆ ಎಂದರು. ವರ ನೋಡಿಟ್ಟಿದ್ದರು. ಅದಾಗದಿದ್ದರೆ ಇಳಕಲ್ಲಿನಲ್ಲೇ ಟಿಸಿಎಚ್ ಮಾಡಿ ಟೀಚರಾಗಲಿ, ಬಾಗಲಕೋಟೆಯ ಹಾಸ್ಟೆಲ್ ಮಾತ್ರ ಬೇಡವೇ ಬೇಡ. ಅಪ್ಪನಿಗೆ ಟಿಸಿಎಚ್ಚೇ ಬೇಕು, ಇಲ್ಲದಿದ್ದರೆ ಬಾಗಲಕೋಟೆಯಲ್ಲಿ ಡಿಗ್ರಿ ಆದರೂ ಅಡ್ಡಿಯಿಲ್ಲ, ಆದರೆ ನೂಲಿನ ವ್ಯವಹಾರದಲ್ಲಿ ತನ್ನೊಡನೆ ಬಾಯಿ ಮಾಡಿದವರ ಮನೆಗೆ ಮಗಳನ್ನು ಕೊಡುವುದಿಲ್ಲ. ಅವ್ವ ಒಂದೇ ಮಾತು ಹೇಳಿದಳು: ‘ಓದಿದ್ರ ಬಾಗಲಕೋಟ್ಯಾಗ ಪೂರಾ ಓದಲಿ. ಇಲ್ಲಂದ್ರ ಮದಿವಿ ಮಾಡ್ರಿ. ಈ ಅರ್ಧಾಮರ್ಧಾ ಟಿಸಿಎಚ್ ಬ್ಯಾಡ.’ ಮೂವರೂ ದಿನವಿಡೀ ಕೂಗಾಡಿದರು, ಮಗ್ಗಗಳು ನಿಂತವು.

ಆಗ ಕಾಕಾ ಬಂದರು. ಬಂದವರು ವಾದಕ್ಕಿಳಿಯಲಿಲ್ಲ. ಮುತ್ಯಾನ ಕೂಡ ಎಲೆ ಅಡಿಕೆ ಹಾಕಿಕೊಂಡರು, ಅಪ್ಪನ ಮಗ್ಗದ ಬಳಿ ಕುಳಿತರು, ಅವ್ವ ರೊಟ್ಟಿ ಬಡಿಯುವಾಗ ಒಲೆಯ ಹತ್ತಿರ ಹೋಗಿ ಹರಟಿದರು. ಮರುದಿನ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿದರು.

‘ಎಲ್ಲಾರೂ ಒಮ್ಮೆಲೆ ಮಾತಾಡಿದ್ರ ಹೆಂಗ? ಕೈ ಎತ್ತೂಣು. ಎರಡೆರಡ ಹಿಡಿಯೂಣು. ಮೊದಲ ಮದಿವಿನೋ ಟಿಸಿಎಚ್ಚೋ ನೋಡೂಣು. ಗೆದ್ದಿದ್ದನ್ನ ಬಾಗಲಕೋಟಿ ಕೂಡ ಹಚ್ಚೂಣು. ಏನಂತೀಯಪಾ?’

ಮುತ್ಯಾ ನೇಕಾರರ ಸೊಸಾಯಿಟಿಯ ಚುನಾವಣೆಗಳನ್ನು ಗೆದ್ದ ಮನುಷ್ಯ. ಎತ್ತಿದ ಕೈಗೆ ಎದುರಾಡಬಾರದೆಂಬುದು ಅವರ ನಿಯಮ. ಒಪ್ಪಿದರು. ಅವ್ವ ಮಾತ್ರ ತಲೆಮೇಲಿನ ಸೆರಗು ಸರಿಮಾಡಿಕೊಳ್ಳುತ್ತ ಹಿಂದೆ ಸರಿದಳು. ‘ವೈನಿ, ನಿಮ್ಮದೂ ಒಂದ ಕೈನ ರಿ’ ಎಂದರು ಕಾಕಾ.

ನಾನು ಅಡಿಗೆಮನೆಯ ಬಾಗಿಲ ಹಿಂದಿದ್ದೆ. ಮದುವೆಗೆ ಮುತ್ಯಾ ಕೈ ಎತ್ತಿದರು, ಅವ್ವನೂ ಎತ್ತಿದಳು. ಟಿಸಿಎಚ್ ಸೋತಿತು. ಈಗ ಹೇಳಿಬಿಡುತ್ತೇನೆ, ನನಗೆ ಬೇಕಾಗಿದ್ದುದು ಅದೇ ಟಿಸಿಎಚ್! ನನ್ನ ಗೆಳತಿ ಶಾಂತಾ ಅಲ್ಲಿಗೇ ಸೇರಿದ್ದಳು. ಇಬ್ಬರೂ ಒಂದೇ ಬಣ್ಣದ ಸೀರೆ ಉಟ್ಟು ಹೋಗುವುದೆಂದು ತೀರ್ಮಾನವೂ ಆಗಿತ್ತು. ಬಾಗಿಲ ಹಿಂದೆ ನಾನು ಬಿಕ್ಕಿ ಬಿಕ್ಕಿ ಅತ್ತೆ, ಕಾಕಾನನ್ನು ಮನಸ್ಸಿನಲ್ಲೇ ಬೈದೆ. ಆಮೇಲೆ ಮದುವೆಯ ಎದುರು ಬಾಗಲಕೋಟೆಯನ್ನು ನಿಲ್ಲಿಸಿದರು. ಅಪ್ಪ, ಅವ್ವ ಇಬ್ಬರ ಕೈಯೂ ಬಾಗಲಕೋಟೆಗೆ ಎದ್ದವು. ಮುತ್ಯಾ ‘ಕೈ ಎತ್ತಿ ಆತಲ್ಲ, ಮುಗೀತು’ ಎಂದು ಎದ್ದು ಮಗ್ಗಕ್ಕೆ ಹೋದರು. ನನ್ನ ಕೆಂಪು ಕಣ್ಣು ಕಂಡು ಎಲ್ಲರೂ ಅದನ್ನು ಆನಂದಬಾಷ್ಪವೆಂದುಕೊಂಡರು.

ಬಾಗಲಕೋಟೆ ನನಗೆ ಒಗ್ಗಿತು. ಶಾಂತಾಳ ನೆನಪು ಹಾಸ್ಟೆಲಿನ ಮೊದಲ ಚಳಿಗಾಲಕ್ಕೇ ತೆಳುವಾಯಿತು, ಗಣಿತವೂ ಹಿಡಿಸಿತು. ಡಿಗ್ರಿಯ ಕೊನೆಯ ವರ್ಷ ಕಾಕಾ ಒಂದು ದಿನ ಬೋರ್ಡಿನ ಮೇಲೆ ಮೂವರು ಮತದಾರರು, ಅ, ಬ, ಕ ಎಂದು ಮೂರು ಆಯ್ಕೆಗಳನ್ನು ಬರೆದರು. ಅ ಬ ವನ್ನು ಸೋಲಿಸುತ್ತದೆ, ಬ ಕ ವನ್ನು, ಕ ಮತ್ತೆ ಅ ವನ್ನು. ಬಹುಮತವೆಂಬುದು ಗಾಣದೆತ್ತು ಸುತ್ತಿದಂತೆ ಸುತ್ತುತ್ತಲೇ ಇರುತ್ತದೆ. ಎರಡೆರಡಾಗಿ ಕೇಳುತ್ತ ಹೋದರೆ ಕೊನೆಗೆ ಕಣಕ್ಕಿಳಿದದ್ದೇ ಗೆಲ್ಲುತ್ತದೆ. ‘ಆದ್ದರಿಂದ ಸರದಿ ಹಚ್ಚುವವನು ಪ್ರಾಮಾಣಿಕನಿರಬೇಕು’ ಎಂದು ಹೇಳುವಾಗ ಅವರು ನನ್ನ ಬೆಂಚನ್ನು ಬಿಟ್ಟು ಉಳಿದೆಲ್ಲ ಕಡೆ ನೋಡಿದರು.

ಸಂಜೆ ಅವರ ಮನೆಗೆ ಹೋದೆ. ಚಹಾ ಸೋಸುತ್ತಿದ್ದರು.

‘ಕಾಕಾ, ಬೋರ್ಡಿನ ಮ್ಯಾಲಿನ ಮೂರೂ ಮಂದಿ ನಮ್ಮನಿಯವರು. ನೀವು ಮೋಸ ಮಾಡಿದ್ರಿ.’

‘ಹೌದವ್ವಾ, ಮಾಡಿದೆ. ಒಬ್ಬೊಬ್ಬರ ಮನಸಿನಾಗ ಏನೈತಿ ಅಂತ ಮೊದಲ ತಿಳಕೊಂಡಿದ್ದೆ. ಬ್ಯಾರೆ ಸರದಿಲೆ ಕೇಳಿದ್ರ ನಿನ್ನ ಮದಿವಿ ಆಗಿಬಿಡ್ತಿತ್ತು. ಕಾಗದದ ಮ್ಯಾಲ ಬರೇ ನ್ಯಾಯಾನ ಬರದೇನಿ. ಬಾಳೇದಾಗ ಒಮ್ಮೆ ಅದನ್ನ ಬಳಸಿದ್ದು, ಅದೂ ಮೋಸಕ್ಕ.’ ಲೋಟ ನನ್ನ ಕಡೆ ಸರಿಸಿದರು. ‘ಆದ್ರ ನಿನ್ನ ಬಾಳೇದ ಬಗ್ಗೆ ಓಟು, ನಿನಗ ಓಟಿಲ್ಲ. ಮತದಾರರ ಗಣಾನ ತಪ್ಪಿತ್ತು. ಗಣ ತಪ್ಪಿದ ಮ್ಯಾಲ ಎಣಿಕಿ ಎಷ್ಟ ಸರಿ ಇದ್ರೇನ?’

‘ನೀವೂ ನನ್ನ ಕೇಳಲಿಲ್ಲಲ್ರಿ.’

ಅವರು ಚಹಾ ಸೋಸಣಿಗೆಯನ್ನು ಕೆಳಗಿಟ್ಟರು. ‘ಖರೆ. ಈಗ ಕೇಳ್ತೇನಿ. ಅವತ್ತ ನಿನಗೇನ ಬೇಕಾಗಿತ್ತು?’

ಆ ಮುಖವನ್ನು ನೀವು ನೋಡಬೇಕಿತ್ತು. ಫಲಿತಾಂಶಕ್ಕೆ ಕಾದು ನಿಂತ ವಿದ್ಯಾರ್ಥಿಯ ಮುಖ. ನಾನು ತಟ್ಟನೆ ‘ಬಾಗಲಕೋಟಿನ ರಿ ಕಾಕಾ’ ಎಂದೆ. ಅವರು ನಿರಾಳವಾಗಿ ಚಹಾ ಕುಡಿದರು.

ಇಂಥ ಗುರುವಿನ ಶಿಷ್ಯೆ ನಾನು, ಅಣ್ಣನ ಪೋಲ್ ಕಂಡು ಸುಮ್ಮನಿದ್ದೇನೆಯೇ? ಹೊತ್ತಿದ ಒಗ್ಗರಣೆಯನ್ನು ಚೆಲ್ಲಿ ಅಣ್ಣನಿಗೆ ಫೋನ್ ಮಾಡಿದೆ. ‘ಮೂರೂ ಒಮ್ಮೆಲೆ ಇಟ್ರ ಗೊಂದಲ ಆಗ್ತೈತಿ. ಮೊದಲ ಇಳಕಲ್ಲೋ ಹುನಗುಂದೋ ಅದನ್ನ ನೋಡು. ಬಾದಾಮಿ ಕಡೀಕಿರಲಿ, ನನಗೇನ ಅವಸರಿಲ್ಲ.’ ಎಂಥ ಔದಾರ್ಯವೆಂದು ಅಣ್ಣ ಕರಗಿಹೋದ. ನಾನು ಬಾಗಲಕೋಟೆಯ ಬಸ್ಸು ಹತ್ತಿದೆ. ದಾರಿಯಲ್ಲಿ ಬಸ್ಸು ನಿಂತಾಗ ಯಾರ ಮನಸ್ಸು ಎತ್ತ ವಾಲುತ್ತದೆಂದು ಇನ್ನೊಮ್ಮೆ ಲೆಕ್ಕ ಹಾಕಿ ನೋಡಿದೆ. ಗೆಲುವು ನನ್ನದೇ ಇತ್ತು.

ದವಾಖಾನೆಯಲ್ಲಿ ಕಾಕಾ ದಿಂಬಿಗೆ ಒರಗಿ ಕುಳಿತಿದ್ದರು. ಅವರದು ಹಳೆಯ ಗುಂಡಿ ಫೋನು, ಗುಂಪಿನಲ್ಲಿ ಅವರಿಲ್ಲ. ಆದರೆ ಸುದ್ದಿ ಮುಟ್ಟಿತ್ತು.

‘ಚುನಾವಣಿ ನಡದೈತಂತಲ್ಲ. ಸರದಿ ಯಾರು ಹಚ್ಯಾರ?’

ನನ್ನ ಮುಖ ಕೆಂಪಾಯಿತು. ಅವರು ನಕ್ಕರು. ನನಗೆ ನಗು ಬರಲಿಲ್ಲ. ಬಸ್ಸಿನುದ್ದಕ್ಕೂ ಎಲ್ಲರ ಮನಸ್ಸನ್ನೂ ಎಣಿಸಿದ್ದೆ, ಇವರದೊಂದನ್ನು ಬಿಟ್ಟು.

‘ಕಾಕಾ, ನಿಮಗ ಎಲ್ಲಿರಬೇಕಂತ ಐತ್ರಿ?’

ಅವರು ನನ್ನ ಮುಖ ನೋಡಿ ತಟ್ಟನೆ ‘ನಿಮ್ಮನ್ಯಾಗ. ಬಾದಾಮ್ಯಾಗ’ ಎಂದರು. ನನ್ನ ಎದೆ ಹಿಗ್ಗಿತು. ಮರುಕ್ಷಣವೇ ಆ ‘ತಟ್ಟನೆ’ಯ ಗುರುತು ಹತ್ತಿತು. ಕುರ್ಚಿ ಎಳೆದುಕೊಂಡು ಕುಳಿತೆ.

‘ನನ್ನ ಮಾರಿ ನೋಡಬ್ಯಾಡ್ರಿ. ಗ್ವಾಡಿ ನೋಡಿ ಹೇಳ್ರಿ.’

ಕಾಕಾ ಕತ್ತನ್ನು ಗೋಡೆಯ ಕಡೆ ಹೊರಳಿಸಿದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು.

‘ವಿದ್ಯಾಗಿರಿ. ಮನಿ ಮಾಲಕರು ಕೆಳಗಿನ ಖೋಲಿ ಬಿಟ್ಟ ಕೊಡ್ತೇನಿ ಅಂದಾರ. ಅಡಿಗಿ ಮಾಡಾಕ ಒಬ್ಬಾಕಿ ಬರ್ತಾಳ. ಸಂಜಿಮುಂದ ಹುಡುಗೂರು ಲೆಕ್ಕಾ ಕೇಳಾಕ ಬರ್ತಾವ. ನಿಮ್ಮೆಲ್ಲಾರ ಮ್ಯಾಲೆ ಜೀವ ಐತವ್ವಾ. ಆದ್ರ ನಾ ಹಂಚಿಕೊಳ್ಳೂ ಸಾಮಾನ ಆಗಬಾರದು.’

ನನಗೆ ಸಿಟ್ಟು ಬಂತು. ನನ್ನ ಮನೆಯಲ್ಲಿ ಏನು ಕಡಿಮೆಯಾಗಿತ್ತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಅತ್ತೆ. ಅವರು ಗೋಡೆಯನ್ನೇ ನೋಡುತ್ತಿದ್ದುದು ಒಳ್ಳೆಯದಾಯಿತು.

ಹೊರಗೆ ಬಂದು ಅಣ್ಣನಿಗೆ ಫೋನ್ ಮಾಡಿ ಪೋಲ್ ತೆಗೆದುಬಿಡು ಎಂದೆ.

‘ಯಾಕ, ಸೋಲಾಕತ್ತೀಯೇನು?’

‘ಹೂಂ, ಸೋತೆ. ನೀನೂ ಸೋತಿ’ ಎಂದೆ.

ಆಮೇಲೆ ಟಂಟಂ ಗಾಡಿಯವನಿಗೆ ಫೋನ್ ಹಚ್ಚಿದೆ. ಬಾದಾಮಿಯ ಮನೆಯ ಕೆಳಗಿನ ಕೋಣೆಗೆಂದು ಹಿಂದಿನ ದಿನವಷ್ಟೇ ಹೊಸ ಮಂಚ ತಂದು ಹಾಸಿಗೆಯನ್ನೂ ಹಾಸಿಟ್ಟಿದ್ದೆ. ಅದನ್ನು ವಿದ್ಯಾಗಿರಿಗೆ ಸಾಗಿಸಬೇಕಿತ್ತು.